ಸಿರಿಲ್‌ನ ಬಲ ಮಂಡಿ

ಸಿರಿಲ್‌ನ ಮಂಡಿನೋವು ನನ್ನ ಮಂಡಿಗೆ ಬಂದದ್ದು ಪ್ರಾಕ್ಟೀಸ್ ಶುರುವಾದ ಮೊದಲ ಬೆಳಿಗ್ಗೆಯೇ. ಮೈದಾನದ ಮೆಟ್ಟಿಲ ಮೇಲೆ ಹಳೆಯ ಪೇಪರ್ ಹಾಸಿಕೊಂಡು ಕೂತಿದ್ದೆ. ಅವನು ಈ ಗೋಲ್ ಕಂಬದಿಂದ ಆ ಗೋಲ್ ಕಂಬಕ್ಕೆ ಓಡಿ, ತಿರುಗಿ, ಮತ್ತೆ ಓಡಿದ. ಇನ್ನೊಂದು ಸಲ ತಿರುಗುವಾಗ ನನ್ನ ಬಲ ಮಂಡಿಯೊಳಗೆ ತುಕ್ಕು ಹಿಡಿದ ಚಿಲಕವನ್ನು ಯಾರೋ ಎಳೆದ ಹಾಗಾಯಿತು. ‘ಬಂತು’ ಎಂದುಕೊಂಡು ಸೀರೆಯ ಮೇಲಿಂದಲೇ ಮೆಲ್ಲಗೆ ನೀವಿಕೊಂಡೆ. ಕೆಳಗೆ ಅವನು ಸಲೀಸಾಗಿ ಓಡುತ್ತಿದ್ದ. ನನಗೆ ಸಂತೋಷವೇ ಆಯಿತು.

ನಮ್ಮ ಊರಿನಲ್ಲಿ ಅದು ಹಾಗೆಯೇ. ಮೈಮುರಿದು ದುಡಿಯುವವರನ್ನು ಯಾರಾದರೂ ಕಣ್ಣಿಟ್ಟು ನೋಡುತ್ತಿದ್ದರೆ ಅವರ ಆಯಾಸದಲ್ಲಿ ಒಂದು ಪಾಲು ನೋಡುವವರಿಗೆ ಬರುತ್ತದೆ. ನೋವಿದ್ದರೆ ನೋವೂ ಜೊತೆಗೆ ಬರುತ್ತದೆ. ಸುಮ್ಮನೆ ಕಣ್ಣಿಗೆ ಬಿದ್ದರೆ ಸಾಲದು, ಮನಸ್ಸು ಕೊಟ್ಟು ನೋಡಬೇಕು. ಕೊಡ ಹೊತ್ತು ಗುಡ್ಡದ ಮೆಟ್ಟಿಲು ಹತ್ತುವ ಹೆಂಗಸರು ಕಟ್ಟೆಯ ಮೇಲೆ ಕೂತವರಿಗೆ “ಸ್ವಲ್ಪ ನೋಡ್ತಿರಿ ಮಾರಾಯ್ರೆ” ಎಂದು ಹೇಳಿ ಮುಂದೆ ಹೋಗುತ್ತಾರೆ. ಕೂತವರು ಮಾತು ನಿಲ್ಲಿಸಿ ಅವರು ಮೇಲಿನ ತಿರುವು ದಾಟುವವರೆಗೂ ನೋಡುತ್ತಾರೆ. ಮದುವೆಮನೆಯಲ್ಲಿ ಅಡುಗೆಯವರ ಎದುರಿಗೆ ಒಂದು ಸಾಲು ಕುರ್ಚಿ ಹಾಕಿರುತ್ತಾರೆ. ಹೃದಯದ ತೊಂದರೆ ಇರುವವರು ಹಮಾಲರು ಮೂಟೆ ಇಳಿಸುವ ಕಡೆ ಕೊಡೆ ಅಡ್ಡ ಹಿಡಿದು ಹೋಗುತ್ತಾರೆ, ಅದನ್ನು ಯಾರೂ ತಪ್ಪಾಗಿ ತಿಳಿಯುವುದಿಲ್ಲ. ಒಂದೇ ಒಂದು ಶಿಷ್ಟಾಚಾರ: ನೋಡಿದವರು ನೋಡಿದೆ ಎಂದು ಹೇಳಿಕೊಳ್ಳಬಾರದು, ನೋಡಿಸಿಕೊಂಡವರು ಉಪಕಾರವಾಯಿತು ಎನ್ನಬಾರದು. ನಾನು ಬಿ.ಎ. ಓದಲು ಹೊರಗಿನ ಊರಿಗೆ ಹೋದಾಗ ಮೊದಲು ಕಾಡಿದ್ದು ಇದೇ. ಅಲ್ಲಿ ಎಷ್ಟು ಜನ ನೋಡುತ್ತಿದ್ದರೂ ನಮ್ಮ ಟ್ರಂಕು ನಮಗೇ ಭಾರ.

ನಮ್ಮ ಫುಟ್‌ಬಾಲ್ ತಂಡದ ತೊಂದರೆಯೂ ಅದೇ. ತಂಡದ ಹೆಸರು ಟೈಲ್ಸ್ ಇಲೆವೆನ್. ಹೆಂಚಿನ ಕಾರ್ಖಾನೆ ಮುಚ್ಚಿ ಎಷ್ಟೋ ಕಾಲವಾಯಿತು, ಹೆಸರು ಮತ್ತು ಮೈದಾನದ ಕೆಂಪು ಧೂಳು ಉಳಿದುಕೊಂಡಿವೆ. ನಮ್ಮ ಮೈದಾನದಲ್ಲಿ ಆಟವಾದರೆ ಊರಿಗೆ ಊರೇ ಬಂದು ನೋಡುತ್ತದೆ, ಆಯಾಸ ಸಾವಿರ ಜನಕ್ಕೆ ಹಂಚಿಹೋಗುತ್ತದೆ. ಆದರೆ ಅರ್ಧ ಪಂದ್ಯಗಳು ಹೊರಗಿನ ಊರುಗಳಲ್ಲಿ. ಅಲ್ಲಿ ನಮ್ಮ ಹುಡುಗರ ಉಸಿರು ಅವರಿಗೇ. ಅದಕ್ಕೇ ದೀಪಾವಳಿ ಕಳೆದ ಮೇಲೆ, ಪಂದ್ಯಗಳು ಶುರುವಾಗುವ ಮುಂಚಿನ ತಿಂಗಳ ಪ್ರಾಕ್ಟೀಸಿಗೆ ಒಂದು ಪದ್ಧತಿ ಇದೆ. ಮೆಟ್ಟಿಲ ಮೇಲೆ ಕೂರುವ ನಾವು ನಾಲ್ಕಾರು ಜನ ಆಟಗಾರರನ್ನು ಪಾಲು ಹಾಕಿಕೊಳ್ಳುತ್ತೇವೆ. ಮೊದಲ ವಾರ, ರಜೆಯಲ್ಲಿ ಜಡ್ಡುಗಟ್ಟಿದ ಮೈ ಮುರಿಯದಿರಲಿ ಎಂದು ನಮ್ಮ ನಮ್ಮ ಪಾಲಿನವರನ್ನು ಚೆನ್ನಾಗಿ ನೋಡುತ್ತೇವೆ. ಆಮೇಲೆ ದಿನ ದಿನಕ್ಕೂ ನೋಟ ಕಡಿಮೆ ಮಾಡಬೇಕು, ಮಗುವಿಗೆ ಹಾಲು ಬಿಡಿಸಿದ ಹಾಗೆ. ಕೊನೆಯ ದಿನ ಬೆನ್ನು ಹಾಕುವ ದಿನ. ಅಂದು ನಾವೆಲ್ಲ ಮೈದಾನಕ್ಕೆ ಬೆನ್ನು ಮಾಡಿ ಕೂರುತ್ತೇವೆ, ಯಾರ ನೆರವೂ ಇಲ್ಲದೆ ಹುಡುಗರು ಓಡುತ್ತಾರೆ, ಕೋಚ್ ಹನ್ನೊಂದು ಜನಕ್ಕೆ ಜರ್ಸಿ ಕೊಡುತ್ತಾನೆ. ಕೋಚ್ ಒಬ್ಬ ಮಾತ್ರ ನೋಡಬಹುದು. ಅವನು ತಣ್ಣಗೆ, ಲೆಕ್ಕ ನೋಡಿದ ಹಾಗೆ ನೋಡುವುದನ್ನು ಕಲಿತಿರುತ್ತಾನೆ.

ಈ ಸಲ ಸಿರಿಲ್ ನನ್ನ ಪಾಲಿಗೆ ಬಂದ. ನಾನೇ ಕೇಳಿ ತೆಗೆದುಕೊಂಡೆ ಎಂದರೂ ಸರಿ. ಮೂರನೆಯ ನಂಬರಿನ ಜರ್ಸಿ ಹಾಕಿ ಎಡಗಡೆ ಡಿಫೆನ್ಸ್ ಕಾಯುವವನು. ಬಸ್ ಡಿಪೋದಲ್ಲಿ ಮೆಕ್ಯಾನಿಕ್. ಇಪ್ಪತ್ತರಲ್ಲಿ ತಂಡಕ್ಕೆ ಬಂದವನಿಗೆ ಈಗ ಕಿವಿಯ ಹತ್ತಿರ ಕೂದಲು ಬೆಳ್ಳಗಾಗಿದೆ. ಹೋದ ವರ್ಷ ಹೊರಗಿನ ಊರಿನ ಪಂದ್ಯದಲ್ಲಿ ಬಲ ಮಂಡಿ ತಿರುಚಿ ಬಿದ್ದ. ಆಪರೇಷನ್ ಆಯಿತು, ಕೋಲು ಹಿಡಿದು ನಡೆದ, ಕೋಲು ಬಿಟ್ಟ. ಬಿದ್ದ ಆಟವೇ ಕೊನೆಯ ಆಟ ಆಗಬಾರದು ಎಂಬ ಹಟ ಅವನಿಗೆ. ಅವನಿಗಿಂತ ಹೆಚ್ಚು ನಮಗೆ. ನಾನು ಟೆಲಿಫೋನ್ ಎಕ್ಸ್‌ಚೇಂಜಿನಿಂದ ರಿಟೈರ್ ಆದ ವಾರ, ಮಾಡಲು ಕೆಲಸವಿಲ್ಲದೆ ಮೊದಲ ಬಾರಿಗೆ ಈ ಮೆಟ್ಟಿಲ ಮೇಲೆ ಬಂದು ಕೂತಾಗ, ಚೆಂಡು ತರಲು ಓಡಿ ಬಂದ ಸಿರಿಲ್ ತನ್ನ ಟವೆಲ್ಲನ್ನು ನನ್ನ ಕಡೆ ಎಸೆದು, “ಬಿಸಿಲಿದೆ ಅಕ್ಕ, ತಲೆಗೆ ಹಾಕ್ಕೊಳ್ಳಿ” ಎಂದಿದ್ದ. ನಾನು ಟೈಲ್ಸ್ ಇಲೆವೆನ್ನಿನ ಅಭಿಮಾನಿಯಾದದ್ದು ಅವತ್ತು. ಆಫ್‌ಸೈಡ್ ಎಂದರೇನು ಎಂದು ಗೊತ್ತಾದದ್ದು ಎಷ್ಟೋ ದಿನದ ಮೇಲೆ.

ಅವನ ಜಾಗಕ್ಕೆ ಇನ್ನೊಬ್ಬನೂ ಇದ್ದ. ಮಾದೇಶ, ಇಟ್ಟಿಗೆ ಗೂಡಿನ ಕೆಲಸದವರ ಮಗ, ಮೊದಲ ವರ್ಷ. ಅವನ ಕಾಲು ಉದ್ದ, ಮಾತು ಕಡಿಮೆ. ಅವನು ಗುಲಾಬಿಯ ಪಾಲು. ಗುಲಾಬಿ ಶಾಲೆಯ ಬಿಸಿಯೂಟದ ಅಡುಗೆಯವಳು. ಬೆಳಿಗ್ಗೆ ಮೈದಾನಕ್ಕೆ ಬಂದು ಕೂತು, ಹೊತ್ತಾಯಿತು ಎಂದು ಶಾಪ ಹಾಕುತ್ತ ಶಾಲೆಗೆ ಓಡುವಳು. ಅವಳ ಪಕ್ಕದಲ್ಲಿ ಟೈಲರ್ ಹಯಾತ್ ಸಾಬರು. ಜರ್ಸಿಗೆ ನಂಬರು ಹೊಲಿಯುವುದು ಅವರೇ. ಅವರ ಪಾಲಿಗೆ ಗೋಲ್‌ಕೀಪರ್.

“ಹಯಾತ್ ಸಾಬ್ರು ಜಾಣರು ಕುಸುಮಕ್ಕ,” ಎಂದಳು ಗುಲಾಬಿ ನನಗೆ, ಮೊದಲ ದಿನವೇ. “ನಿಂತಲ್ಲೇ ನಿಂತಿರೋನನ್ನ ಆರಿಸ್ಕೊಂಡಿದ್ದಾರೆ.”

“ನಿಂತಿರೋದು ಎಷ್ಟು ಕಷ್ಟ ಅಂತ ನಿನಗೇನು ಗೊತ್ತು? ನನ್ನ ಸೊಂಟ ಕೇಳು,” ಎಂದರು ಸಾಬರು.

ಎರಡನೆಯ ವಾರದಿಂದ ಪದ್ಧತಿಯಂತೆ ನೋಟ ಕಡಿಮೆ ಮಾಡಿದೆ. ಮಾಡಿದೆ ಎಂದರೆ, ಮಾಡಬೇಕೆಂದು ಪತ್ರಿಕೆ ಬಿಚ್ಚಿ ಹಿಡಿದೆ. ಅಂಚಿನ ಮೇಲಿಂದ ಒಂದಿಷ್ಟು ನೋಡಿದ್ದು ನಿಜ. ನಾನೊಬ್ಬಳೇ ಅಲ್ಲವೇ, ಇಷ್ಟರಿಂದ ಏನಾದೀತು ಎಂದುಕೊಂಡೆ. ಸಿರಿಲ್ ಮಾತ್ರ ದಿನದಿಂದ ದಿನಕ್ಕೆ ಹಗುರಾಗುತ್ತ ಹೋದ. ಎಳೆಯ ಹುಡುಗರೆಲ್ಲ ಮೊಣಕಾಲಿಗೆ ಕೈಯೂರಿ ಏದುಸಿರು ಬಿಡುತ್ತಿದ್ದರೆ ಇವನು ಕರುವಿನ ಹಾಗೆ ಇನ್ನೊಂದು ಸುತ್ತು ಓಡುತ್ತಿದ್ದ. ಮಾದೇಶ ಒಂದು ದಿನ ಬೇಲಿಯ ಹತ್ತಿರ ಬಗ್ಗಿ ವಾಂತಿ ಮಾಡಿಕೊಂಡ. ಸಿರಿಲ್ ಅವನ ಬೆನ್ನು ಸವರಿ, ನೀರು ಕುಡಿಸಿ, “ನಿಧಾನ ಮಗಾ” ಎಂದು ಹೇಳಿ ಮತ್ತೆ ಓಡಿದ.

“ನೋಡಿ, ಹೇಗೆ ಬಂದುಬಿಟ್ಟ!” ಎಂದರು ಹಯಾತ್ ಸಾಬರು. ಅವರ ಕಣ್ಣಲ್ಲಿ ನೀರಿತ್ತು. “ಮೊದಲಿಗಿಂತ ಜಾಸ್ತಿ.”

“ಮೂರನೇ ನಂಬರು ಅವನದೇ,” ಎಂದಳು ಗುಲಾಬಿ.

ನಾನೂ ಹೌದು ಎಂದೆ. ಮೂವರೂ ಬಹಳ ಸಂತೋಷದಲ್ಲಿದ್ದೆವು.

ಮನೆಯಲ್ಲಿ ತಂಗಿ ನನ್ನ ಮಂಡಿಗೆ ಎಣ್ಣೆ ತಿಕ್ಕುತ್ತ, “ನೋಟ ಕಡಿಮೆ ಮಾಡ್ತಿದ್ದೀನಿ ಅಂತೀಯ, ಊತ ಏನೂ ಇಳೀಲಿಲ್ಲವಲ್ಲ” ಎಂದು ಗೊಣಗುತ್ತಿದ್ದಳು. ವಯಸ್ಸಾಯಿತು ಎಂದು ಹೇಳಿ ಮಾತು ತೇಲಿಸಿದೆ.

ಬೆನ್ನು ಹಾಕುವ ದಿನಕ್ಕೆ ಇನ್ನೊಂದು ವಾರವಿದ್ದಾಗ ಕನ್ನಡಕದ ಗೂಡನ್ನು ಮೆಟ್ಟಿಲ ಮೇಲೆ ಮರೆತುಬಂದೆ. ಗೇಟಿನವರೆಗೆ ಬಂದವಳು ತಿರುಗಿದೆ. ಪ್ರಾಕ್ಟೀಸ್ ಮುಗಿದು ನಮ್ಮವರೆಲ್ಲ ಏಳುತ್ತಿದ್ದರು. ಯಾವಾಗಲೂ ನಾನೇ ಮೊದಲು ಎದ್ದು ಹೋಗುವವಳಾದ್ದರಿಂದ ಅವರು ನಡೆಯುವುದನ್ನು ನಾನು ನೋಡಿಯೇ ಇರಲಿಲ್ಲ. ಹಯಾತ್ ಸಾಬರು ಕಂಬಿ ಹಿಡಿದು ಬಲಗಾಲನ್ನು ಎಳೆದುಕೊಂಡು ಇಳಿಯುತ್ತಿದ್ದರು. ಅವರ ಹಿಂದೆ ಗುಲಾಬಿ, ಅವಳದೂ ಬಲಗಾಲು. ಅವಳ ಹಿಂದೆ ಸೋಡಾ ಅಂಗಡಿಯ ಅಣ್ಣತಮ್ಮಂದಿರಿಬ್ಬರು, ಮೈದಾನಕ್ಕೆ ಸುಣ್ಣದ ಗೆರೆ ಎಳೆಯುವವನು, ಎಲ್ಲರೂ ಸಾಲಾಗಿ, ಒಂದೇ ತಾಳಕ್ಕೆ, ಬಲಗಾಲು ಕುಂಟುತ್ತ ಬರುತ್ತಿದ್ದರು.

ಗುಲಾಬಿ ನನ್ನನ್ನು ಕಂಡು ತಟ್ಟನೆ ನೆಟ್ಟಗೆ ನಡೆಯಲು ನೋಡಿದಳು. ಆಗಲಿಲ್ಲ.

“ಗುಲಾಬಿ,” ಎಂದೆ, “ಮಾದೇಶನ ಮಂಡಿಗೆ ಏನಾದರೂ ಆಗಿದೆಯಾ?”

“ಅವನ ಮಂಡಿಗೇನು, ಕಬ್ಬಿಣ,” ಎಂದವಳು ನಾಲಿಗೆ ಕಚ್ಚಿಕೊಂಡಳು.

ಶಿಷ್ಟಾಚಾರ ಮೀರಿ ನಾನು ಕೇಳಿಬಿಟ್ಟೆ. ಒಬ್ಬೊಬ್ಬರಾಗಿ ನೆಲ ನೋಡುತ್ತ ಒಪ್ಪಿಕೊಂಡರು. ತಮ್ಮ ಪಾಲಿನವರ ಮೇಲಿನ ನೋಟವನ್ನು ಎಲ್ಲರೂ ಪದ್ಧತಿಯಂತೆ ಕಡಿಮೆ ಮಾಡಿದ್ದರು. ಉಳಿದ ನೋಟವನ್ನು ಎಲ್ಲಿಡುವುದು? ಅಯ್ಯೋ ಪಾಪ ಸಿರಿಲ್! ಕುಸುಮಕ್ಕ ಕಡಿಮೆ ಮಾಡಿರುತ್ತಾರೆ, ನಾನೊಬ್ಬ ಸ್ವಲ್ಪ ನೋಡಿದರೆ ಏನಾಯಿತು ಎಂದು ಪ್ರತಿಯೊಬ್ಬರೂ ಪಕ್ಕದವರಿಗೆ ಗೊತ್ತಾಗದ ಹಾಗೆ ಅವನ ಮೇಲಿಟ್ಟಿದ್ದರು. ಅವನು ಅಷ್ಟು ದಿನ ಓಡಿದ ಓಟದಲ್ಲಿ ಅವನ ಪಾಲಿಗೆ ಬಂದ ಆಯಾಸ ಒಂದು ಲೋಟ ನೀರಿನಷ್ಟೂ ಇರಲಿಲ್ಲ. ಅವನ ಎದೆ, ಅವನ ಕಾಲು ಏನನ್ನೂ ಕಲಿತಿರಲಿಲ್ಲ. ಏದುಸಿರು ಬಿಟ್ಟು, ವಾಂತಿ ಮಾಡಿಕೊಂಡು, ಗಟ್ಟಿಯಾದವನು ಮಾದೇಶ.

ಸಾಬರು ಮೆಟ್ಟಿಲ ಮೇಲೆ ಕುಸಿದು ಕೂತರು. “ಅಲ್ಲಾ, ಏನು ಮಾಡಿಬಿಟ್ವಿ ಅಕ್ಕ ನಾವು?”

“ಇನ್ನೊಂದು ವಾರ ಇದೆ,” ಎಂದೆ. “ಒಬ್ಬರೂ ನೋಡಬಾರದು.”

“ಹಾಗಾದ್ರೆ ಬರೋದೇ ಬೇಡ,” ಎಂದಳು ಗುಲಾಬಿ.

ಅದು ಯಾರಿಗೂ ಒಪ್ಪಿಗೆಯಾಗಲಿಲ್ಲ. ಮೆಟ್ಟಿಲು ಖಾಲಿ ಬಿದ್ದರೆ ಹುಡುಗರ ಮನಸ್ಸು ಏನಾಗಬೇಕು? ಮರುದಿನ ಎಲ್ಲರೂ ಬಂದೆವು, ಕಣ್ಣಿಗೆ ಒಂದೊಂದು ಕೆಲಸ ಹಿಡಿದುಕೊಂಡು. ಗುಲಾಬಿ ಒಂದು ಚೀಲ ಅವರೆಕಾಯಿ ತಂದು ಸುತ್ತಲಿದ್ದವರ ಮಡಿಲಿಗೆಲ್ಲ ಸುರಿದಳು. ಸಾಬರು ಗುಂಡಿ ಹಚ್ಚುವ ಅಂಗಿಗಳ ಗಂಟು ತಂದರು. ಯಾರಾದರೂ ತಲೆ ಎತ್ತಿದರೆ ಗುಲಾಬಿ, “ಕಾಯಿ ನೋಡ್ರಿ, ಕಾಯಿ! ಹುಳ ಇರ್ತದೆ!” ಎಂದು ಗದರುತ್ತಿದ್ದಳು.

ಮೈದಾನದಿಂದ ಸಿರಿಲ್‌ನ ಕೆಮ್ಮು ಕೇಳಿಸಿತು. ಆಮೇಲೆ ಉಸಿರು. ಓಡುವವನ ಹೆಜ್ಜೆ ನಡಿಗೆಗೆ ಇಳಿದದ್ದು ಕೇಳಿಸಿತು. ಅವನು ನಿಂತು ಮೆಟ್ಟಿಲ ಕಡೆ ನೋಡುತ್ತಿದ್ದಾನೆ ಎಂದು ತಲೆ ಎತ್ತದೆಯೂ ನನಗೆ ತಿಳಿಯಿತು. ನಾನು ಅವರೆಕಾಯಿ ಬಿಡಿಸಿದೆ. ಒಂದು ಕಾಳು ಕೈ ತಪ್ಪಿ ಮೆಟ್ಟಿಲಿನಿಂದ ಮೆಟ್ಟಿಲಿಗೆ ಪುಟಿದು ಉರುಳಿಹೋಯಿತು. ಎಲ್ಲರೂ ಆ ಕಾಳನ್ನೇ ನೋಡಿದೆವು.

ಆ ವಾರ ನಮ್ಮ ಮಂಡಿಗಳು ವಾಸಿಯಾದವು. ಅದನ್ನು ಯಾರೂ ಬಾಯಿಬಿಟ್ಟು ಹೇಳಲಿಲ್ಲ.

ಬೆನ್ನು ಹಾಕುವ ದಿನ ಹೆಚ್ಚು ಜನ ಬರುತ್ತಾರೆ. ಮೆಟ್ಟಿಲ ಮೇಲಿನ ಸಾಲಿನಲ್ಲಿ ಗುಡ್ಡದ ಕಡೆ ಮುಖ ಮಾಡಿ, ಮೊಣಕಾಲು ಮಡಚಿ ಕೂತೆವು. ಎದುರಿಗೆ ಪಾಚಿ ಕಟ್ಟಿದ ಗೋಡೆ, ಅದರಾಚೆ ನಮ್ಮ ಮನೆಗಳಿಗೆ ಹತ್ತುವ ಮೆಟ್ಟಿಲು. ಹಿಂದಿನಿಂದ ಕೋಚ್ ದೇವಯ್ಯನ ಸೀಟಿ. ಮೈದಾನದ ಅಂಚಿನಲ್ಲಿ ಹೆಂಚು ಸುಡುತ್ತಿದ್ದ ಹಳೆಯ ಗೂಡಿನ ಏರನ್ನು ಹತ್ತಿ ಇಳಿದು, ಅವನು ಸಾಕು ಎನ್ನುವವರೆಗೂ ಓಡುತ್ತಿರಬೇಕು. ಅದಾದ ಮೇಲೆ ಆಟ.

ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಕೆಲಸ ಮಾಡಿದವಳಿಗೆ ಮುಖ ಕಾಣದಿದ್ದರೂ ಉಸಿರು ಗುರುತು ಸಿಗುತ್ತದೆ. ಅಳು ನುಂಗಿ “ಹಲೋ” ಎನ್ನುವವರನ್ನು ದಿನವೂ ಕೇಳಿದವಳು ನಾನು. ಗುಂಪಿನ ಹೆಜ್ಜೆಗಳ ನಡುವೆ ಸಿರಿಲ್‌ನ ಉಸಿರು ನನಗೆ ಬೇರೆಯಾಗಿಯೇ ಕೇಳುತ್ತಿತ್ತು. ಮೊದಮೊದಲು ಅದು ಹದವಾಗಿತ್ತು. ಬರಬರುತ್ತ ಗರಗಸ ಎಳೆದ ಹಾಗಾಯಿತು. ಉಳಿದ ಹೆಜ್ಜೆಗಳು ಏರಿನ ಮೇಲಿಂದ ಇಳಿದು ಬರುವಾಗ ಒಂದು ಜೋಡಿ ಹೆಜ್ಜೆ ಇನ್ನೂ ಹತ್ತುತ್ತಲೇ ಇತ್ತು. ಆಮೇಲೆ ಧೊಪ್ಪೆಂದು ಸದ್ದಾಯಿತು.

ಸಾಲಿಗೆ ಸಾಲೇ ಉಸಿರು ಹಿಡಿಯಿತು. ಹಯಾತ್ ಸಾಬರ ಭುಜ ತಿರುಗತೊಡಗಿತು. ನಾನು ಅವರ ತೋಳು ಹಿಡಿದೆ. ಹಿಡಿದ ನನ್ನ ಕುತ್ತಿಗೆಯೇ ತಿರುಗುತ್ತಿತ್ತು.

“ಯಾರೂ ತಿರುಗಬೇಡಿ!”

ಸಿರಿಲ್‌ನ ದನಿ. ಉಸಿರಿಲ್ಲದೆ, ಒಡೆದು ಬಂತು.

“ದಮ್ಮಯ್ಯ ಅಂತೀನಿ, ಹಯಾತ್ ಸಾಬ್ರೇ, ಕುಸುಮಕ್ಕ, ತಿರುಗಬೇಡಿ. ನಾನೇ ಏಳ್ತೀನಿ.”

ನಾವು ಗೋಡೆ ನೋಡಿದೆವು. ಗುಲಾಬಿ ಸೆರಗನ್ನು ಬಾಯಿಗೆ ಒತ್ತಿಕೊಂಡಿದ್ದಳು. ಗೋಡೆಯ ಮೇಲೆ ಒಂದು ಇರುವೆ ತನಗಿಂತ ದೊಡ್ಡ ಸಕ್ಕರೆಯ ಹರಳು ಹೊತ್ತು ಹತ್ತುತ್ತಿತ್ತು. ಎಲ್ಲರ ಕಣ್ಣೂ ಅದರ ಮೇಲೆಯೇ ಇತ್ತೋ ಏನೋ, ಅದು ಆ ಬೆಳಿಗ್ಗೆ ಬಹಳ ಬೇಗ ಗೋಡೆ ದಾಟಿತು. ಬೆನ್ನ ಹಿಂದೆ ಕಾಲು ಎಳೆಯುವ ಸದ್ದು, ಮತ್ತೆ ನಡಿಗೆ, ಮತ್ತೆ ಓಟದ ಹಾಗಿನ ಏನೋ. ಅವನ ಪಕ್ಕದಲ್ಲಿ ಇನ್ನೊಂದು ಜೋಡಿ ಹೆಜ್ಜೆ ಬಂದು ಸೇರಿಕೊಂಡಿತು. “ನೀನು ನಿಲ್ಲಬೇಡ, ಮುಂದೆ ಹೋಗೋ ಮಾದೇಶ,” ಎಂದ ಸಿರಿಲ್. ಆ ಹೆಜ್ಜೆ ತುಸು ತಡೆದು ಮುಂದೆ ಹೋಯಿತು. ಸಿರಿಲ್ ಏರು ಮುಗಿಸಿದ. ಎಲ್ಲರಿಗಿಂತ ಕೊನೆಗೆ.

ಕೊನೆಯ ಸೀಟಿಯಾದ ಮೇಲೆ ತಿರುಗಿದೆವು. ದೇವಯ್ಯ ಕಟುಕನೇನಲ್ಲ, ತಾನೂ ಇದೇ ಧೂಳಿನಲ್ಲಿ ಆಡಿದವನು. ಮಡಚಿಟ್ಟ ಜರ್ಸಿಗಳಲ್ಲಿ ಮೂರನೆಯ ನಂಬರನ್ನು ಎತ್ತಿ ಸ್ವಲ್ಪ ಹೊತ್ತು ಕೈಯಲ್ಲಿ ಹಿಡಿದು ನಿಂತ. ಆಮೇಲೆ ಅದನ್ನು ಸಿರಿಲ್‌ನ ಕೈಗೆ ಕೊಟ್ಟು, “ನೀನೇ ಕೊಡು,” ಎಂದ. ನಮ್ಮಲ್ಲಿ ಹಳಬ ಹೊಸಬನಿಗೆ ಜರ್ಸಿ ತೊಡಿಸುವುದು ರೂಢಿ. ಸಿರಿಲ್ ಮಾದೇಶನ ತಲೆಯ ಮೇಲಿಂದ ಅದನ್ನು ತೊಡಿಸಿ, ತೋಳು ಎಳೆದು ಸರಿಮಾಡಿ, ಭುಜಕ್ಕೆ ಅಂಟಿದ್ದ ಒಂದು ನೂಲನ್ನು ಕಿತ್ತು ಊದಿದ. “ಸಾಬ್ರ ನೂಲು,” ಎಂದ. ಮಾದೇಶ ತಲೆ ತಗ್ಗಿಸಿಕೊಂಡೇ ಇದ್ದ. ಗುಲಾಬಿ, ತನ್ನ ಪಾಲಿನವನಿಗೆ ಜರ್ಸಿ ಬಂದದ್ದಕ್ಕೆ ನಗಬೇಕೋ ಅಳಬೇಕೋ ತಿಳಿಯದೆ, ಎರಡನ್ನೂ ಮಾಡಿದಳು.

ಎಲ್ಲರೂ ಹೋದ ಮೇಲೆ ಅವನು ಕಾಲಿಗೆ ಐಸ್ ಕಟ್ಟಿಕೊಂಡು ಕೆಳಗಿನ ಮೆಟ್ಟಿಲಲ್ಲಿ ಕೂತಿದ್ದ. ನಾನು ಹೋಗಿ ಪಕ್ಕದಲ್ಲಿ ಕೂತೆ.

“ಸಿರಿಲ್, ಇದು ನಾವು ಮಾಡಿದ್ದು ಕಣಪ್ಪ,” ಎಂದೆ. “ನಾವೆಲ್ಲ...”

“ಗೊತ್ತು ಕುಸುಮಕ್ಕ.”

“ಯಾವತ್ತು ಗೊತ್ತಾಯ್ತು?”

“ಎರಡನೇ ವಾರದಲ್ಲೇ. ನೀವು ಮೊದಲು ಎದ್ದು ಹೋಗ್ತೀರಿ. ನಾನು ಬೂಟ್ಸ್ ಬಿಚ್ತಾ ಇಲ್ಲೇ ಕೂತಿರ್ತೀನಿ. ಊರಿನವರೆಲ್ಲ ನನ್ನ ಕಾಲು ಹಾಕ್ಕೊಂಡು ನಡ್ಕೊಂಡು ಹೋಗೋದು ಕಾಣಲ್ವಾ?” ಎಂದು ನಕ್ಕ. “ಸಾಬ್ರು ಥೇಟ್ ನನ್ನ ಹಾಗೇ ಕುಂಟ್ತಿದ್ರು.”

“ಹೇಳಬಾರದಾಗಿತ್ತೇನೋ? ಒಂದು ಮಾತು ಹೇಳಿದ್ರೆ ನಿಲ್ಲಿಸ್ತಿದ್ವಿ.”

ಅವನು ಐಸಿನ ಬಟ್ಟೆಯನ್ನು ಸರಿಮಾಡಿಕೊಂಡ.

“ಆಪರೇಷನ್ ಆದ್ಮೇಲೆ ನೋವಿಲ್ಲದ ಒಂದು ಬೆಳಿಗ್ಗೆ ನೋಡಿರಲಿಲ್ಲ ಅಕ್ಕ. ನಾಳೆ ಹೇಳೋಣ ಅಂದ್ಕೋತಿದ್ದೆ. ನಾಳೆ ಬಂದ್ರೆ ಮತ್ತೆ ಓಡಬೇಕು ಅನ್ಸೋದು. ಜರ್ಸಿ ಹೋಗುತ್ತೆ ಅಂತ ಗೊತ್ತಿತ್ತು. ಆದ್ರೂ ಹಾಗೆ ಓಡೋದು...” ಎಂದು ನಿಲ್ಲಿಸಿ ಮೈದಾನ ನೋಡಿದ. “ಹದಿನೆಂಟು ವರ್ಷದವನ ಹಾಗೆ ಓಡಿದೆ. ಬಿದ್ದ ಆಟ ಕೊನೇದಾಗಬಾರ್ದು ಅಂತಿದ್ದೆ. ಆಗಲಿಲ್ಲ, ಬಿಡಿ.”

ಉಪಕಾರವಾಯಿತು ಎಂದು ಅವನು ಹೇಳಲಿಲ್ಲ, ಹೇಳುವ ಹಾಗೂ ಇಲ್ಲ. ಏಳುವಾಗ ನನ್ನ ಕೆಳಗೆ ಹಾಸಿದ್ದ ಪೇಪರನ್ನು ಮಡಚಿ ನನ್ನ ಚೀಲಕ್ಕೆ ಹಾಕಿಕೊಟ್ಟ.

ಪಂದ್ಯಗಳು ಶುರುವಾದವು. ಹೊರಗಿನ ಊರಿನ ಮೊದಲ ಪಂದ್ಯದಲ್ಲಿ ಮಾದೇಶ ಕೊನೆಯ ನಿಮಿಷದವರೆಗೂ ಓಡಿದನಂತೆ. ನಡುವಿನ ದಿನಗಳಲ್ಲಿ ಬೆಳಿಗ್ಗೆಯ ಪ್ರಾಕ್ಟೀಸ್ ಮತ್ತೆ ನಡೆಯಿತು, ನಾವು ಮತ್ತೆ ಬಂದು ಕೂತೆವು. ಸಿರಿಲ್ ಇರುತ್ತಿದ್ದ ಎಡಗಡೆಗೆ ಕಣ್ಣು ಹೋದಾಗಲೆಲ್ಲ ಮಾತು ಕಡಿಮೆಯಾಗುತ್ತಿತ್ತು. ಅವನು ಇನ್ನು ಈ ಕಡೆ ಬರಲಾರ ಎಂದು ನಾನು ಎಣಿಸಿದ್ದೆ.

ಒಂದು ಬೆಳಿಗ್ಗೆ ಚಪ್ಪಲಿಯ ಸದ್ದಾಯಿತು. ಡಿಪೋದ ಖಾಕಿ ಅಂಗಿಯಲ್ಲೇ ಬಂದಿದ್ದ.

“ಇಲ್ಲಿ ಯಾರಾದ್ರೂ ಕೂರ್ತಾರಾ ಕುಸುಮಕ್ಕ?”

ನಾನು ಪೇಪರಿನಲ್ಲಿ ಅರ್ಧ ಹರಿದು ಪಕ್ಕದಲ್ಲಿ ಹಾಸಿದೆ. ಹಯಾತ್ ಸಾಬರು ಸೂಜಿಗೆ ದಾರ ಪೋಣಿಸುವುದರಲ್ಲಿ ಮುಳುಗಿಹೋದ ಹಾಗೆ ಮಾಡಿದರು. ಗುಲಾಬಿಗೆ ಮಾತ್ರ ಸುಮ್ಮನಿರಲು ಬಾರದು. ಒಂದು ಹಿಡಿ ಅವರೆಕಾಯಿ ಎತ್ತಿ ಅವನ ಮಡಿಲಿಗೆ ಹಾಕಿ, “ಈ ಮೆಟ್ಟಿಲ ಮೇಲೆ ಸುಮ್ನೆ ಕೂರೋ ಹಾಗಿಲ್ಲ. ಕಾಯಿ ಬಿಡಿಸ್ತಾ ನೋಡ್ಬೇಕು. ನಮಗೆ ಬುದ್ಧಿ ಬಂದಿದೆ,” ಎಂದಳು.

ಅವನು ಬಿಡಿಸತೊಡಗಿದ. ಎಡಗಡೆ ಮಾದೇಶ ಗೆರೆಯುದ್ದಕ್ಕೂ ಓಡುತ್ತಿದ್ದ. ಯಾರು ನಿನ್ನ ಪಾಲು ಎಂದು ನಾನು ಕೇಳಲಿಲ್ಲ. ಬಿಸಿಲು ಇನ್ನೂ ಏರಿರಲಿಲ್ಲ, ಆದರೂ ಸಿರಿಲ್‌ನ ಹಣೆಯ ಮೇಲೆ ಬೆವರು ಸಣ್ಣಗೆ ಮೂಡಿತ್ತು.

“ತಿರುಗುವಾಗ ಎಡ ಭುಜ ಇಳಿಸ್ತಾನೆ,” ಎಂದು ತನ್ನಲ್ಲೇ ಅಂದುಕೊಂಡ. “ಹೇಳಿಕೊಡ್ಬೇಕು.”

ಪ್ರಾಕ್ಟೀಸ್ ಮುಗಿಯಿತು. ಯಾವಾಗಲಿನ ಹಾಗೆ ನಾನು ಮೊದಲು ಎದ್ದೆ. ಗೇಟು ದಾಟಿ ಗುಡ್ಡದ ಮೆಟ್ಟಿಲು ಹತ್ತತೊಡಗಿದೆ. ಮೊದಲ ತಿರುವಿನ ಕಟ್ಟೆಯಲ್ಲಿ ನಾನು ದಿನವೂ ಚೀಲವಿಟ್ಟು ಕೂರುತ್ತೇನೆ, ಅಷ್ಟರಲ್ಲಿ ಎದೆ ಹಾರುತ್ತಿರುತ್ತದೆ. ಅಂದು ಕಟ್ಟೆ ದಾಟಿ ಬಹಳ ಮೇಲೆ ಬಂದ ಮೇಲೆ ನೆನಪಾಯಿತು, ಕೂರಲಿಲ್ಲವಲ್ಲ ಎಂದು. ಚೀಲ ಕೈಯಲ್ಲೇ ಇತ್ತು. ಉಸಿರು ಹದವಾಗಿತ್ತು. ಕಾಲು ಯಾರೋ ಹಿಂದಿನಿಂದ ಎತ್ತಿ ಎತ್ತಿ ಇಟ್ಟಂತೆ ಮೇಲೇರುತ್ತಿತ್ತು.

ಕೆಳಗಿನಿಂದ ಗುಲಾಬಿಯ ದನಿ ಕೇಳಿಸಿತು.

“ಸಿರಿಲ್ಲಾ, ಕಾಯಿ ನೋಡೋ! ಕಣ್ಣು ಎಲ್ಲಿಟ್ಟಿದ್ದೀಯಾ?”

ನಾನು ತಿರುಗಲಿಲ್ಲ. ಅವನ ಬಲ ಮಂಡಿ ನೆನಪಾಯಿತು. ಕಂಬಿ ಹಿಡಿದುಕೊಂಡು, ಉಳಿದ ಮೆಟ್ಟಿಲುಗಳನ್ನು ಆದಷ್ಟು ನಿಧಾನವಾಗಿ ಹತ್ತಿದೆ.